ನಟ್ಟು, ಹಲ್ಲು ಮತ್ತು ಬಿಟ್ಟಿ ಉಪದೇಶ

"ಗೊತ್ತಿಲ್ಲದ ಕೆಲಸಕ್ಕೆ ಯಾಕ್ರೀ ಕೈ ಹಾಕ್ತೀರಾ?"

ಈ ಮಾತು ಹೇಳುವವರನ್ನು ಕಂಡರೆ ನನಗೆ ಈಗೀಗ ಮೈಯೆಲ್ಲ ಉರಿಯುತ್ತದೆ. ಸರ್ವಿಸ್ ಸೆಂಟರಿನಲ್ಲಿ ಟೈ ಕಟ್ಟಿಕೊಂಡು ಕೂತ ಹುಡುಗ ಹೇಳುತ್ತಾನೆ. ಹಲ್ಲಿನ ಡಾಕ್ಟರು ಹೇಳುತ್ತಾರೆ. ಪಕ್ಕದ ಮನೆಯವರು ಗೇಟಿನ ಮೇಲೆ ಕೈಯಿಟ್ಟುಕೊಂಡು ಹೇಳುತ್ತಾರೆ. ಎರಡು ವಾರದಲ್ಲಿ ಇದನ್ನು ಎಷ್ಟು ಸಲ ಕೇಳಿಸಿಕೊಂಡೆನೆಂದರೆ, ಇಲ್ಲಿ ಬರೆದು ಹಾಕದಿದ್ದರೆ ಉಂಡ ಅನ್ನ ಅರಗುವುದಿಲ್ಲ ಅನ್ನಿಸಿ ಕೂತಿದ್ದೇನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಆಗಿದ್ದು ಇಷ್ಟು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ವಾಪಸ್ ಬರುವಾಗ ಹಿಂದಿನ ಚಕ್ರ ಪಂಕ್ಚರ್. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಜೊತೆಗೆ ಸೋದರಮಾವ ಇದ್ದರು. ಗಾಡಿ ಎತ್ತುವ ಮೊದಲೇ ನಟ್ಟು ಸಡಿಲ ಮಾಡಿಕೊಳ್ಳಬೇಕು, ಹಾಗೇ ಮಾಡಿದೆವು. ಮೂರು ನಟ್ಟು ಮುಲುಗುತ್ತಾ ಬಂದವು. ನಾಲ್ಕನೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸ್ಪ್ಯಾನರಿನ ಮೇಲೆ ನಿಂತೆ. ಇಲ್ಲ. ಮಾವ ಗಾಡಿಯ ಜೊತೆ ಬಂದ ಸ್ಪ್ಯಾನರನ್ನು ಆಕಡೆ ತಿರುಗಿಸಿ ಕೊಟ್ಟು ಮೇಲಕ್ಕೆಳೆಯೋಣ ಅಂದರು. ಎಳೆದೆ. ನಟ್ಟಿನ ಮೂಲೆಗಳು ಮೊದಲೇ ಸವೆದು ದುಂಡಗಾಗಿದ್ದವು. ಸ್ಪ್ಯಾನರ್ ಜಾರಿ ಸೀದಾ ಬಾಯಿಗೆ ಬಂತು. ಮುಂದಿನ ಹಲ್ಲಿನ ಮೂಲೆಯೊಂದು ರಸ್ತೆ ಪಾಲು.

ಈ ಕಾರು ಅದಕ್ಕೆ ಎಂಟು ದಿನದ ಹಿಂದಷ್ಟೇ ಸರ್ವಿಸ್ ಆಗಿ ಬಂದಿತ್ತು. ಬಿಲ್ಲಿನಲ್ಲಿ "ವೀಲ್ ರೊಟೇಷನ್" ಅಂತ ಒಂದು ಸಾಲು, ಅದಕ್ಕೆ ದುಡ್ಡು, ಅದರ ಮೇಲೆ ಜಿಎಸ್‌ಟಿ. ಅಂದರೆ ಆ ನಟ್ಟನ್ನು ಕೊನೆಗೆ ಮುಟ್ಟಿದವನು "ಗೊತ್ತಿದ್ದವನೇ".

ಲೆಕ್ಕ ಹಾಕೋಣ ಬನ್ನಿ, ಕಷ್ಟ ಏನಿಲ್ಲ. ಚಕ್ರದ ನಟ್ಟನ್ನು ಎಷ್ಟು ಬಿಗಿಯಬೇಕು ಅನ್ನುವುದು ಪ್ರತಿ ಗಾಡಿಯ ಪುಸ್ತಕದಲ್ಲೂ ಇರುತ್ತದೆ. ಚಿಕ್ಕ ಕಾರುಗಳಿಗೆ ಸುಮಾರಾಗಿ 80ರಿಂದ 110 ನ್ಯೂಟನ್ ಮೀಟರ್. 60 ಕಿಲೋ ತೂಕದ ಮನುಷ್ಯ ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ನಿಂತರೆ ಸುಮಾರು 147 ನ್ಯೂಟನ್ ಮೀಟರ್ ಬೀಳುತ್ತದೆ. ಅಂದರೆ ಸರಿಯಾಗಿ ಬಿಗಿದ ನಟ್ಟು ಸಾಧಾರಣ ಮೈಕಟ್ಟಿನವರು ನಿಂತರೂ ಬಿಚ್ಚಬೇಕು. ಗಾಡಿಯ ಜೊತೆ ಅಷ್ಟು ಚಿಕ್ಕ ಸ್ಪ್ಯಾನರ್ ಕೊಡುವುದು ಅದೇ ಧೈರ್ಯದ ಮೇಲೆ. ಆದರೆ ಗಾಳಿಯಿಂದ ಓಡುವ ಗನ್ ಇದೆಯಲ್ಲ, "ಟರ್ರ್ರ್" ಅಂತ ಸದ್ದು ಮಾಡುತ್ತದಲ್ಲ, ಅದು ಬಿಟ್ಟರೆ 400ಕ್ಕೂ ಮೇಲೆ ಬಿಗಿಯುತ್ತದೆ. ಕೈಯಲ್ಲಿ ಕೂರಿಸಿ, ಗನ್ನಿನಿಂದ ಹಗುರವಾಗಿ ತಿರುಗಿಸಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ ಅಳತೆಗೆ ಬಿಗಿಯಬೇಕು ಅನ್ನುವುದು ನಿಯಮ. ಈ ಕೊನೆಯ ಹೆಜ್ಜೆಗೆ ಒಂದು ಗಾಡಿಗೆ ಐದು ನಿಮಿಷವೂ ಹಿಡಿಯುವುದಿಲ್ಲ. ಆ ಐದು ನಿಮಿಷ ಉಳಿಸಿದವನು ಬುದ್ಧಿವಂತ, ರಸ್ತೆ ಬದಿಯಲ್ಲಿ ಹಲ್ಲು ಮುರಿಸಿಕೊಂಡವನು ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದ ಅಡ್ಡಕಸುಬಿ. ಭಲೇ!

ಸರ್ವಿಸ್ ಸೆಂಟರಿಗೆ ಹೋಗಿ ಕೇಳಿದೆ. ಹುಡುಗ ಬಹಳ ಮರ್ಯಾದೆಯಿಂದ "ಸಾರ್, ಫೋನ್ ಮಾಡಿದ್ದರೆ ರೋಡ್‌ಸೈಡ್ ಅಸಿಸ್ಟೆನ್ಸ್ ಬರ್ತಿತ್ತಲ್ಲ" ಅಂದ. ಪಂಕ್ಚರಾದ ಚಕ್ರ ಬದಲಿಸಲು ಬೆಂಗಳೂರು ಕಡೆಯಿಂದ ಗಾಡಿ ಬರುವವರೆಗೆ ಕಾಯಬೇಕಂತೆ. ಟಾರ್ಕ್ ರೆಂಚ್ ತೋರಿಸಿ ಅಂದೆ. ಇದೆ, ಆದರೆ ಬೀರುವಿನ ಬೀಗದ ಕೀ ಸೂಪರ್‌ವೈಸರ್ ಹತ್ತಿರ ಇದೆಯಂತೆ.

ಇನ್ನು ಹಲ್ಲು.

ಮಾವ ರಸ್ತೆಯಲ್ಲಿ ಬಗ್ಗಿ ಹುಡುಕಿ ಆ ಚೂರನ್ನು ತೆಗೆದು, ನೀರಿನ ಬಾಟಲಿಯ ಮುಚ್ಚಳದಲ್ಲಿ ನೀರು ಹಾಕಿ ಅದರಲ್ಲಿಟ್ಟರು. (ಇದು ಎಲ್ಲರಿಗೂ ಗೊತ್ತಿರಲಿ: ಮುರಿದ ಚೂರು ಸಿಕ್ಕರೆ ಒಣಗಲು ಬಿಡಬೇಡಿ, ಎಷ್ಟೋ ಸಲ ಅದನ್ನೇ ಅಂಟಿಸಬಹುದು. ದೊಡ್ಡವರ ಹಲ್ಲು ಇಡಿಯಾಗಿ ಬೇರುಸಮೇತ ಬಿದ್ದರೆ ಬೇರನ್ನು ಉಜ್ಜದೆ ಹಾಲಿನಲ್ಲಿಟ್ಟುಕೊಂಡು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಡಾಕ್ಟರ ಹತ್ತಿರ ಓಡಿ.) ನಾನು ಹೋದ ಕ್ಲಿನಿಕ್ಕಿನಲ್ಲಿ ಆ ಮುಚ್ಚಳವನ್ನು ಯಾರೂ ನೋಡಲಿಲ್ಲ. ಎಕ್ಸ್-ರೇ ತೆಗೆದರು. ಹೇಗಾಯಿತು ಅಂತ ಕೇಳಿ, ನಾನು ಹೇಳಿದ ಮೇಲೆ ಅದೇ ಮಂತ್ರ: ಗೊತ್ತಿಲ್ಲದ ಕೆಲಸ, ಯಾಕ್ರೀ ಕೈ. ಆಮೇಲೆ ಎಸ್ಟಿಮೇಟ್. ಈ ಹಲ್ಲಿಗೂ ಪಕ್ಕದ ಹಲ್ಲಿಗೂ ರೂಟ್ ಕೆನಾಲ್, ಎರಡಕ್ಕೂ ಕ್ಯಾಪ್, ಉಳಿದವಕ್ಕೆ "ಕಲರ್ ಸರಿ ಮಾಡೋದು". ಒಟ್ಟು 34 ಸಾವಿರ. ಪಕ್ಕದ ಹಲ್ಲಿಗೆ ಏನಾಗಿದೆ ಅಂತ ಕೇಳಿದೆ. "ಅದು ನಿಮಗೆ ಅರ್ಥ ಆಗಲ್ಲ" ಅಂದರು.

ನನಗೆ ಯಾಕೆ ಅರ್ಥ ಆಗಲ್ಲ ಸ್ವಾಮಿ? ಹಲ್ಲಿಗೆ ಮೇಲೊಂದು ಗಟ್ಟಿ ಪದರ, ಒಳಗೊಂದು ಮೆದು ಪದರ, ಅದರೊಳಗೆ ನರ ಮತ್ತು ರಕ್ತ ಇರುವ ತಿರುಳು. ಮುರಿತ ತಿರುಳಿನ ತನಕ ಹೋಗದಿದ್ದರೆ ಸಾಮಾನ್ಯವಾಗಿ ತುಂಬಿಸಿ ಆಕಾರ ಕೊಟ್ಟರೆ ಸಾಕು, ಆಮೇಲೆ ಹಲ್ಲು ಸಾಯುತ್ತಿದೆಯಾ ಅಂತ ಕೆಲವು ತಿಂಗಳು ಗಮನಿಸುತ್ತಾರೆ. ತಿರುಳು ತೆರೆದುಕೊಂಡರೆ, ಕೊಳೆತರೆ, ಆಗ ಮುಂದಿನ ಮಾತು. ಇದನ್ನು ನನಗೆ ಎರಡು ನಿಮಿಷದಲ್ಲಿ ಅರ್ಥ ಮಾಡಿಸಿದ್ದು ಎರಡನೆಯ ಡಾಕ್ಟರಮ್ಮ. ತಣ್ಣಗಿನದನ್ನು ಮುಟ್ಟಿಸಿ ನೋಡಿದರು, ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು, ಮುಚ್ಚಳದಲ್ಲಿದ್ದ ಚೂರನ್ನೇ ಅಂಟಿಸಿದರು. ತಗೊಂಡಿದ್ದು 1,800 ರೂಪಾಯಿ. ಹಾಗಾಗಿ ಡಾಕ್ಟರುಗಳೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಜಗಳಕ್ಕೆ ಬರಬೇಡಿ. ನನ್ನ ತಕರಾರು "ಅರ್ಥ ಆಗಲ್ಲ" ಅನ್ನುವ ಆ ಎರಡು ಶಬ್ದದ ಬಗ್ಗೆ. ಅದಕ್ಕೆ ನಾನು ತೆತ್ತಿದ್ದರೆ ಬೆಲೆ 32,200 ರೂಪಾಯಿ!

ಈ ಮಾತನ್ನು ಬೇರೆ ಊರಲ್ಲಿ ಹೇಳಿದ್ದರೆ ಇಷ್ಟು ಕೆರಳುತ್ತಿರಲಿಲ್ಲವೇನೋ. ಹೇಳಿದ್ದು ನಮ್ಮ ಮಾವನ ಎದುರಿಗೆ. ಮಾವ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಚಾಂಪಿಯನ್ ರೀಫ್ ಗಣಿ 3,200 ಮೀಟರ್ ಆಳಕ್ಕೆ ಇಳಿದಿತ್ತು. ಜನರನ್ನು ತುಂಬಿಕೊಂಡ ಪಂಜರವನ್ನು ಉಕ್ಕಿನ ಹಗ್ಗದ ಮೇಲೆ ಇಳಿಸಿ ಎತ್ತುವುದು ಅಂದರೆ, ಒಂದು ಬೋಲ್ಟು ಹೆಚ್ಚು ಬಿಗಿದರೂ ಕಮ್ಮಿ ಬಿಗಿದರೂ ಯಾರದೋ ಮನೆ ದೀಪ ಆರುತ್ತದೆ. ಶಿವನಸಮುದ್ರದಿಂದ 1902ರಲ್ಲಿ ಕರೆಂಟು ಮೊದಲು ಹರಿದು ಬಂದದ್ದೇ ಈ ಊರಿನ ಯಂತ್ರಗಳಿಗೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಶುರು ಮಾಡಿದ್ದರಿಂದ ಹಿಡಿದು, ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕುವವರೆಗೆ, ಆ ಯಂತ್ರಗಳನ್ನು ಬಿಚ್ಚಿ ಕಟ್ಟಿ ಓಡಿಸಿದವರು ಈ ಲೈನ್‌ಮನೆಗಳ ಜನ. ತಮಿಳು, ತೆಲುಗು, ಕನ್ನಡ ಕಲಸಿ ಮಾತಾಡುವ, ಇಂಗ್ಲಿಷಿನಲ್ಲಿ ಸ್ಪ್ಯಾನರ್ ಸೈಜು ಮಾತ್ರ ಹೇಳುವ ಜನ. ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಬರುತ್ತಾರೆ. ಆ ಸರ್ವಿಸ್ ಸೆಂಟರುಗಳಲ್ಲಿ ಗನ್ ಹಿಡಿಯುವ ಹುಡುಗರಲ್ಲೂ ನಮ್ಮ ಕಡೆಯವರು ಇದ್ದಾರೆ. ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಅಂತ ತಲೆ ಮೇಲೆ ಕೂತರೆ ಅವರು ತಾನೇ ಏನು ಮಾಡಿಯಾರು? ಅವರ ಅಪ್ಪಂದಿರಿಗೆ "ನಿನಗೆ ಗೊತ್ತಿಲ್ಲ" ಅಂತ ಹೇಳಲು ಮಾತ್ರ ಎಂಥವರಿಗೂ ಟೈಮ್ ಇದೆ.

ಮನೆಯಲ್ಲಿ ರಿಪೇರಿ ಮಾಡಲು ಹೋಗಿ ಎಡವಟ್ಟು ಆಗುವುದಿಲ್ಲವಾ? ಆಗುತ್ತದೆ, ಬೇಕಾದಷ್ಟು ಆಗುತ್ತದೆ. ನಮ್ಮ ಬೀದಿಯಲ್ಲೇ ಒಬ್ಬರು ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದು ಮುಂಗೈ ಸುಟ್ಟುಕೊಂಡರು. ಇನ್ನೊಬ್ಬರು ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ ಫ್ಯೂಸು ಹೊಗೆ ಹಾಕಿಸಿದರು. ಬ್ರೇಕ್ ಆಯಿಲ್ ಚೆಲ್ಲಿಕೊಂಡು ಬಾನೆಟ್ಟಿನ ಪೇಂಟು ಎದ್ದುಬಂದ ಕಥೆ ಮನೆಗೊಂದು. ಹಲ್ಲಿನ ವಿಷಯದಲ್ಲಂತೂ ಕೇಳಲೇಬೇಡಿ. ಕಳಚಿದ ಕ್ಯಾಪನ್ನು ಫೆವಿಕ್ವಿಕ್ ಹಾಕಿ ಅಂಟಿಸಿಕೊಂಡವರನ್ನು ನಾನೇ ಕಂಡಿದ್ದೇನೆ. ನೋವಿಗೆ ಅಂತ ವಸಡಿನ ಪಕ್ಕ ಆಸ್ಪಿರಿನ್ ಗುಳಿಗೆ ಇಟ್ಟುಕೊಂಡು ವಸಡನ್ನೇ ಸುಟ್ಟುಕೊಂಡವರೂ ಇದ್ದಾರೆ. ನಗಬೇಡಿ. ಫೆವಿಕ್ವಿಕ್ ಹಾಕಿದವರು ಹಾಗೆ ಮಾಡಿದ್ದು ಹುಚ್ಚಿನಿಂದಲ್ಲ. ಹೋದ ಸಲ ಹೋದಾಗ ಯಾವುದಕ್ಕೆ ಎಷ್ಟು ಅಂತ ಯಾರೂ ಹೇಳದೆ, ಕೊನೆಗೆ ಎರಡು ತಿಂಗಳ ಸಂಬಳದ ಬಿಲ್ಲು ಕೈಗೆ ಬಂದಿತ್ತು. ಈ ಸಲ ಹೆದರಿ ಹತ್ತು ರೂಪಾಯಿಯ ಟ್ಯೂಬಿಗೆ ಹೋದರು. ಗೊತ್ತಿಲ್ಲದವರನ್ನು ಗೊತ್ತಿಲ್ಲದಂತೆಯೇ ಇಟ್ಟು ವ್ಯಾಪಾರ ಮಾಡಿ, ಆಮೇಲೆ ಅವರು ಎಡವಿದಾಗ ಕಿಸಕ್ಕೆಂದು ನಗುವುದು ಯಾವ ನ್ಯಾಯ?

ಇದೇನು ನನ್ನೊಬ್ಬನ ಕೊರಗಲ್ಲ. 2011ರಲ್ಲಿ ಒಬ್ಬ ಗ್ರಾಹಕರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು: ಕಾರು ಕಂಪನಿಗಳು ಅಸಲಿ ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡುತ್ತವೆ, ದೋಷ ಪತ್ತೆ ಮಾಡುವ ಯಂತ್ರ ಮತ್ತು ಮಾಹಿತಿಯನ್ನೂ ಬಿಟ್ಟುಕೊಡುವುದಿಲ್ಲ ಅಂತ. ವಿಚಾರಣೆ ನಡೆಸಿ 2014ರ ಆಗಸ್ಟ್ 25ರಂದು ಆಯೋಗ ದೂರು ನಿಜ ಅಂತ ಒಪ್ಪಿ, 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹೋದವು, ಆ ಕಥೆ ಬೇರೆ. ಆದರೆ ವಿಷಯ ಅರ್ಥ ಆಯಿತಲ್ಲ? ಮನೆಯಲ್ಲಿ, ಬೀದಿ ಗ್ಯಾರೇಜಿನಲ್ಲಿ ರಿಪೇರಿ ಕೆಡುವುದು ಕೈ ಕೊಳಕಾಗಿದೆ ಅಂತಲ್ಲ. ಬೇಕಾದ ಪಾರ್ಟು, ಬೇಕಾದ ಅಳತೆ, ಬೇಕಾದ ಪುಸ್ತಕ ಆ ಕೈಗೆ ತಲುಪದ ಹಾಗೆ ಬಾಗಿಲು ಹಾಕಿದ್ದಾರೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದವರು "ರಿಪೇರಿಯ ಹಕ್ಕು" ಅಂತ ಒಂದು ಪೋರ್ಟಲ್ ಬೇರೆ ತೆರೆದರು. ಒಳ್ಳೆಯದೇ. ಆದರೆ ಪೋರ್ಟಲ್ ತೆರೆದರೆ ನಟ್ಟು ಸಡಿಲ ಆಗುತ್ತದೆಯೇ?

ಒಂದು ಮಾತು ಬಿಡದೆ ಹೇಳಬೇಕು. ಏರ್‌ಬ್ಯಾಗಿಗೆ, ಬ್ಯಾಟರಿ ಕಾರಿನ ಕಿತ್ತಳೆ ಬಣ್ಣದ ವೈರುಗಳಿಗೆ ಮನೆಯಲ್ಲಿ ಕೈ ಹಾಕಬೇಡಿ, ಪ್ರಾಣ ಹೋಗುತ್ತೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ತೂರಿಸಬೇಡಿ. ಹಲ್ಲನ್ನು ನೀವೇ ಕೀಳಬೇಡಿ. ಸರಿ, ಮುಗೀತು.

ಈಗ ನನ್ನನ್ನು ನಿಜವಾಗಿ ಚುಚ್ಚಿದ ಮಾತಿಗೆ ಬರುತ್ತೇನೆ. ಆ ಮೊದಲ ಕ್ಲಿನಿಕ್ಕಿನಲ್ಲಿ "ಕಲರ್ ಸರಿ ಮಾಡೋದು" ಅಂದರಲ್ಲ, ಅದರ ಜೊತೆಗೆ ಇನ್ನೊಂದು ವಾಕ್ಯ ಇತ್ತು. "ನಿಮ್ಮ ಕಡೆಯವರು ಚಿಕ್ಕಂದಿನಿಂದ ಸರಿಯಾಗಿ ಬ್ರಶ್ ಮಾಡಲ್ಲ."

ನನ್ನ ಹಲ್ಲಿನ ಮೇಲೆ ಕಂದು ಗೆರೆಗಳಿವೆ, ಹೌದು. ನಾನು ಎಂಟು ವರ್ಷದ ತನಕ ಬೆಳೆದದ್ದು ಬಂಗಾರಪೇಟೆ ತಾಲ್ಲೂಕಿನ ಅಜ್ಜಿ ಊರಲ್ಲಿ, ಬೋರ್‌ವೆಲ್ ನೀರು ಕುಡಿದು. ಕೋಲಾರ ಜಿಲ್ಲೆಯ ಕೆರೆಗಳು ಒಣಗಿ, ಬೋರು ಆಳಕ್ಕೆ ಆಳಕ್ಕೆ ಇಳಿದು ಸಾವಿರ ಅಡಿ ದಾಟಿತು. ಅಲ್ಲಿ ಕಲ್ಲಿನ ಸಂದಿಯ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಗತಿಯೇ ಇಲ್ಲದಿದ್ದರೆ 1.5ರ ತನಕ ಅಂತ ನಮ್ಮ ದೇಶದ ಮಾನಕ. ಅದಕ್ಕಿಂತ ಹೆಚ್ಚಾದ ನೀರನ್ನು, ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಮಗು ಕುಡಿದರೆ, ಹಲ್ಲು ಹುಟ್ಟುವಾಗಲೇ ಮಚ್ಚೆ ಹೊತ್ತುಕೊಂಡು ಬರುತ್ತದೆ. ಅದು ಕೊಳೆಯಲ್ಲ. ಬೇವಿನಕಡ್ಡಿ, ಇದ್ದಿಲು, ಉಪ್ಪು, ಪೇಸ್ಟು ಯಾವುದರಿಂದ ಉಜ್ಜಿದರೂ ಹೋಗುವುದಿಲ್ಲ. ನೀರು ಕುದಿಸಿದರೂ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ ಅಷ್ಟೆ. ಇದು ಹಲ್ಲಿಗೇ ನಿಲ್ಲುವುದಿಲ್ಲ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ಕೀಲಿಗೂ ಬರುತ್ತದೆ. ನಮ್ಮಜ್ಜಿ ಕೊನೆಯ ಹತ್ತು ವರ್ಷ ಸೊಂಟ ನೆಟ್ಟಗೆ ಮಾಡಲಿಲ್ಲ.

ಇದನ್ನು ಹಲ್ಲಿನ ಡಾಕ್ಟರಿಗೆ ನಾನು ಹೇಳಿಕೊಡಬೇಕಾ? ಅವರ ಮೊದಲ ವರ್ಷಗಳ ಪಾಠದಲ್ಲೇ ಇರುತ್ತದೆ. ಗೊತ್ತಿದ್ದೂ "ಬ್ರಶ್ ಮಾಡಲ್ಲ" ಅಂದರೆ ನೀರು ಕೊಡದವರ ತಪ್ಪನ್ನು ತಂದು ಅಜ್ಜಿಯ ಮೇಲೆ, ಅಮ್ಮನ ಮೇಲೆ ಹಾಕಿದ ಹಾಗೆ. ಬಾಯಿ ತೆರೆದು ನಗಲು ನಾಚಿಕೊಂಡು ಸೆರಗು, ಕರ್ಚೀಫು ಅಡ್ಡ ಹಿಡಿಯುವ ಹುಡುಗಿಯರು ನಮ್ಮ ಕಡೆ ಎಷ್ಟಿದ್ದಾರೆ ಗೊತ್ತಾ? ಅವರಿಗೂ ಇದೇ ಮಾತು ಹೇಳಿ ಕಳಿಸುತ್ತಾರೆ, ಅವರು ಮನೆಗೆ ಬಂದು ಇನ್ನೂ ಜೋರಾಗಿ ಉಜ್ಜುತ್ತಾರೆ, ವಸಡಿನಲ್ಲಿ ರಕ್ತ ಬರುವ ತನಕ.

ಮಾವ ಮೊನ್ನೆ ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಿನಲ್ಲಿ ಅಲೆದು ಒಂದು ಟಾರ್ಕ್ ರೆಂಚ್ ತಂದಿದ್ದಾರೆ. ನಾಲ್ಕು ಚಕ್ರದ ನಟ್ಟುಗಳನ್ನೂ ಬಿಚ್ಚಿ, ಮೂಲೆ ಸವೆದದ್ದನ್ನು ಬದಲಿಸಿ, ಪುಸ್ತಕದ ಅಳತೆಗೆ ಬಿಗಿದೆವು. ಬೀದಿಯಲ್ಲಿ ಯಾರಿಗೆ ಬೇಕಾದರೂ ತಗೊಂಡು ಹೋಗಬಹುದು, ಸಂಜೆ ವಾಪಸ್ ತಂದುಕೊಡಬೇಕು. ನಾನು ಆ ಮೊದಲ ಕ್ಲಿನಿಕ್ಕಿಗೆ ಎಕ್ಸ್-ರೇ ಕೇಳಲು ಹೋಗಿದ್ದೆ. ದುಡ್ಡು ಕೊಟ್ಟಿದ್ದೇನಲ್ಲ. ಕೊಟ್ಟರು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ ಪ್ರಕಾರ ದರಪಟ್ಟಿಯನ್ನು ಜನರಿಗೆ ಕಾಣುವ ಹಾಗೆ ಹಾಕಬೇಕು, ನಿಮ್ಮದು ಎಲ್ಲಿದೆ ಅಂತ ಕೌಂಟರಿನಲ್ಲಿದ್ದ ಹುಡುಗಿಯನ್ನು ಕೇಳಿದೆ. ಅವಳು ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನು ಒಂದು ಕಡೆಯಿಂದ ಎತ್ತಿ ಹಿಡಿದಳು. ಅದರ ಹಿಂದೆ ಇತ್ತು.