ನಾಲ್ವರ ಮೇಜಿಗೆ ಒಂದು ಪೆಟ್ಟಿಗೆ

ಇಸ್ಪೀಟಿನ ಕಟ್ಟಿನಲ್ಲಿ 52 ಎಲೆಗಳು. ಬಡವರ ಮನೆಯಲ್ಲೂ ಅಷ್ಟೇ, ಸಾಹುಕಾರರ ಮನೆಯಲ್ಲೂ ಅಷ್ಟೇ. ಹಾಗಲ್ಲದ ಕಾರ್ಡಿನಾಟವೂ ಒಂದಿದೆ. ಅಮೆರಿಕದ ಗಣಿತ ಪ್ರಾಧ್ಯಾಪಕ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ 1993ರಲ್ಲಿ ಮಾರುಕಟ್ಟೆಗೆ ಬಂತು. ಇದರಲ್ಲಿ ಈಗ 20,000ಕ್ಕೂ ಹೆಚ್ಚು ಬಗೆಯ ಕಾರ್ಡುಗಳಿವೆ. ಆಟಗಾರರು ತಾವು ಕೊಂಡ ಕಾರ್ಡುಗಳಿಂದಲೇ ತಮ್ಮ ಕಟ್ಟನ್ನು ಸಿದ್ಧಪಡಿಸಿಕೊಳ್ಳಬೇಕು. ಅವು ಮಾರಾಟವಾಗುವುದೋ ಒಳಗೇನಿದೆ ಎಂದು ತಿಳಿಯದ ಮುಚ್ಚಿದ ಪೊಟ್ಟಣಗಳಲ್ಲಿ. ಹೀಗಾಗಿ ಹೆಚ್ಚು ಹಣ ಸುರಿದವನ ಕೈ ಮೇಲಾಗುವ ಸಂಭವ ಉಂಟು. ತಂದೆತಾಯಿಗಳು ಇದನ್ನು ಕಂಡು ಮುಖ ಸಿಂಡರಿಸಿದರೆ ತಪ್ಪೇನಿಲ್ಲ.

ಇದಕ್ಕೆ ಆಟಗಾರರೇ ಕಂಡುಕೊಂಡ ಮದ್ದು ‘ಕ್ಯೂಬ್’. ಒಬ್ಬರು ತಮ್ಮಲ್ಲಿರುವ ಕಾರ್ಡುಗಳಿಂದ, ಒಂದು ಬಗೆಯದು ಒಂದೇ ಎಂಬಂತೆ, 360 ಆರಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಆಡುವ ದಿನ ಅವನ್ನು ಕಲಸಿ, 15ರ ಕಂತೆಗಳಾಗಿಸಿ, ತಲಾ 3 ಕಂತೆ ಹಂಚುತ್ತಾರೆ. ಪ್ರತಿಯೊಬ್ಬರೂ ಮೊದಲ ಕಂತೆಯಿಂದ ಒಂದು ಕಾರ್ಡು ಇಟ್ಟುಕೊಂಡು ಉಳಿದವನ್ನು ಎಡಗಡೆಯವರಿಗೆ ದಾಟಿಸಬೇಕು. ಎರಡನೆಯ ಕಂತೆ ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಈ ಆಯ್ಕೆಯ ಕ್ರಮಕ್ಕೆ ‘ಡ್ರಾಫ್ಟ್’ ಎಂದು ಹೆಸರು. ಕೈಗೆ ಬಂದ 45ರಲ್ಲಿ ಸುಮಾರು 23ನ್ನು ಆಯ್ದು, ಶಕ್ತಿ ಒದಗಿಸುವ 17 ‘ಭೂಮಿ’ ಕಾರ್ಡುಗಳನ್ನು ಸೇರಿಸಿದರೆ 40ರ ಕಟ್ಟು ಸಿದ್ಧ. ಆಟ ಮುಗಿದ ಮೇಲೆ ಎಲ್ಲವೂ ಪೆಟ್ಟಿಗೆಗೆ ವಾಪಸು. ಇಲ್ಲಿ ಜೇಬಿನ ಭಾರ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಪೆಟ್ಟಿಗೆ ತುಂಬುವವರ ಕೆಲಸ ಸುಲಭವಲ್ಲ. ಇಬ್ಬರ ಆಟಕ್ಕೆ ಚೆನ್ನಾಗಿ ಹೊಂದುವ ಕಾರ್ಡು ನಾಲ್ವರ ಆಟದಲ್ಲಿ ಸಪ್ಪೆಯಾಗಬಹುದು. ಪ್ರತಿ ಆಟಗಾರನಿಗೂ ಆರಂಭದಲ್ಲಿ 20 ಪ್ರಾಣಾಂಕಗಳಿರುತ್ತವೆ ಎನ್ನೋಣ. 3 ಅಂಕ ಕಳೆಯುವ ಕಾರ್ಡು ಇಬ್ಬರ ಆಟದಲ್ಲಿ ಎದುರಾಳಿಯ ಶೇ 15ರಷ್ಟು ಬಲವನ್ನು ಕುಗ್ಗಿಸುತ್ತದೆ. ಎದುರಾಳಿಗಳು ಮೂವರಾದರೆ ಒಟ್ಟು 60 ಅಂಕ. ಅದೇ ಕಾರ್ಡಿನ ಪಾಲು ಶೇ 5 ಮಾತ್ರ. ಇನ್ನೊಂದು ಸಂಗತಿ: ಒಬ್ಬ ತನ್ನ ಕಾರ್ಡು ಖರ್ಚು ಮಾಡಿ ಮತ್ತೊಬ್ಬನ ಕಾರ್ಡನ್ನು ನಾಶಪಡಿಸಿದರೆ ಇಬ್ಬರಿಗೂ ನಷ್ಟ. ಸುಮ್ಮನೆ ಕುಳಿತ ಉಳಿದಿಬ್ಬರಿಗೆ ಬಿಟ್ಟಿ ಲಾಭ!

ಪರಿಣಾಮವಾಗಿ ಯಾರೂ ಮೊದಲು ಕೈ ಎತ್ತುವುದಿಲ್ಲ, ಆಟ ಎಳೆದಾಡುತ್ತದೆ. ಇದರ ಮಧ್ಯೆ ಹೊಸಬನೊಬ್ಬ ಬೇಗ ಸೋತನೆಂದರೆ, ಉಳಿದವರು ಮುಗಿಸುವವರೆಗೆ ಗೋಡೆಗೊರಗಿ ಕೂರಬೇಕು. ಮುಂದಿನ ವಾರ ಅವನು ಬರುವನೇ? ಪೆಟ್ಟಿಗೆ ಕಟ್ಟುವವರು ಮೊದಲು ಯೋಚಿಸಬೇಕಾದುದು ಇದನ್ನೇ.

2016ರಲ್ಲಿ ಬಹುಜನರ ಡ್ರಾಫ್ಟಿಗೆಂದೇ ಬಂದ ‘ಕಾನ್‌ಸ್ಪಿರಸಿ: ಟೇಕ್ ದ ಕ್ರೌನ್’ ಕಾರ್ಡುಗಳಲ್ಲಿ ಇದಕ್ಕೊಂದು ಉಪಾಯವಿದೆ. ಮೇಜಿನಲ್ಲಿ ಒಬ್ಬರಿಗೆ ಮಾತ್ರ ರಾಜಪಟ್ಟ. ಪಟ್ಟವಿರುವವರಿಗೆ ತಮ್ಮ ಸರದಿಯ ಕೊನೆಯಲ್ಲಿ ಒಂದು ಕಾರ್ಡು ಹೆಚ್ಚಿಗೆ ಸಿಗುತ್ತದೆ. ಆದರೆ ಯಾರ ಪಡೆ ದಾಳಿಯಲ್ಲಿ ರಾಜನನ್ನು ಗಾಯಗೊಳಿಸುತ್ತದೋ ಪಟ್ಟ ಅವರದಾಗುತ್ತದೆ. ಸುಮ್ಮನೆ ಕೂರುವುದೇ ಈಗ ನಷ್ಟ! ಇಂಥ ಕೆಲವು ಕಾರ್ಡುಗಳನ್ನು ಪೆಟ್ಟಿಗೆಗೆ ಸೇರಿಸಿದರೆ ಆಟಕ್ಕೆ ಚಲನೆ ಬರುತ್ತದೆ.

ಸಂಭವನೀಯತೆಯ ಪಾಠವೂ ಇಲ್ಲಿದೆ. ನಾಲ್ವರು ಆಡಿದರೆ ಬಳಕೆಯಾಗುವುದು 180 ಕಾರ್ಡು, ಅಂದರೆ ಪೆಟ್ಟಿಗೆಯ ಅರ್ಧ. ಜೊತೆಗೂಡಿದರೆ ಮಾತ್ರ ಫಲ ಕೊಡುವ ಎರಡು ಕಾರ್ಡುಗಳಿವೆ ಎನ್ನಿ. ಎರಡೂ ಹೊರಬರುವ ಸಂಭವ 180/360 × 179/359, ಅಂದರೆ ಸುಮಾರು ನಾಲ್ಕರಲ್ಲಿ ಒಂದು. ಅವು ಒಬ್ಬರ ಕೈಗೇ ಸೇರುವುದು ಇನ್ನೂ ಅಪರೂಪ. ಆದ್ದರಿಂದ ಒಂದೇ ಜೋಡಿಯನ್ನು ನೆಚ್ಚದೆ, ಒಂದೇ ಬಗೆಯ ಕೆಲಸ ಮಾಡುವ ಹಲವು ಕಾರ್ಡುಗಳನ್ನು ಇಡುವುದು ಜಾಣತನ.

ಇಷ್ಟಾದರೂ ಮೊದಲ ಪ್ರಯತ್ನ ಸರಿಹೋಗುವುದು ವಿರಳ. ಆಡಿದ ಮೇಲೆ ಟಿಪ್ಪಣಿ ಬರೆದುಕೊಳ್ಳಬೇಕು: ಎಷ್ಟು ಹೊತ್ತು ಹಿಡಿಯಿತು? ಮೊದಲು ಸೋತವರು ಎಷ್ಟು ಹೊತ್ತು ಕಾದರು? ಯಾವ ಕಾರ್ಡು ಯಾರಿಗೂ ಬೇಡವಾಯಿತು? ಒಂದು ಸಲಕ್ಕೆ ನಾಲ್ಕೈದು ಕಾರ್ಡು ಮಾತ್ರ ಬದಲಿಸಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯದು. ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೇ?

ಮನೆಯಲ್ಲಿ ಇದನ್ನು ಪರೀಕ್ಷಿಸಲು ದುಬಾರಿ ಪೊಟ್ಟಣ ಬೇಕಿಲ್ಲ. ರಟ್ಟಿನ ತುಂಡುಗಳ ಮೇಲೆ ಮಕ್ಕಳೇ ಕಾರ್ಡು ಬರೆದುಕೊಳ್ಳಬಹುದು. ಇನ್ನು ವಿದ್ಯಾರ್ಥಿಗಳಿಗೊಂದು ಲೆಕ್ಕ: ಇದೇ 360ರ ಪೆಟ್ಟಿಗೆಯ ಸುತ್ತ ಎಂಟು ಮಂದಿ ಕುಳಿತರೆ ಆ ಜೋಡಿ ಹೊರಬರುವ ಸಂಭವ ಎಷ್ಟು?