ಉದರಾರೋಗ್ಯದ ಸಂಶೋಧನೆಯೂ ನಮ್ಮ ಆಹಾರವೂ

ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳ ವಿಚಾರವು ವೈದ್ಯಶಾಸ್ತ್ರದಲ್ಲಿ ಈಗ ಮುಖ್ಯ ಸ್ಥಾನವನ್ನು ಪಡೆದಿದೆ. ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಹಿತವನ್ನುಂಟುಮಾಡುವ ಸಜೀವ ಸೂಕ್ಷ್ಮಾಣುಗಳೇ ಪ್ರೊಬಯಾಟಿಕ್ ಎಂದು ವಿಶ್ವಸಂಸ್ಥೆಯ ತಜ್ಞರು 2001ರಲ್ಲಿ ಲಕ್ಷಣವನ್ನು ಗೊತ್ತುಪಡಿಸಿದರು. ಕರುಳಿನ ಹಿತಕರ ಜೀವಾಣುಗಳಿಗೆ ಆಹಾರವಾಗುವ ಕೆಲವು ನಾರಿನ ಪದಾರ್ಥಗಳಿಗೆ 1995ರಿಂದ ಪ್ರಿಬಯಾಟಿಕ್ ಎಂಬ ಹೆಸರಿದೆ. ಪೇಟೆಗಳಲ್ಲಿ ಇವುಗಳ ಮಾತ್ರೆಗಳೂ ಪುಡಿಗಳೂ ಧಾರಾಳವಾಗಿ ಮಾರಾಟವಾಗುತ್ತಿವೆ.

ಆದರೆ ಮಾತ್ರೆಯನ್ನು ನುಂಗುವವನು ನಿತ್ಯವೂ ಏನನ್ನು ಉಣ್ಣುತ್ತಾನೆಂಬುದನ್ನು ವಿಚಾರಿಸದೆ ಅದರ ಗುಣವನ್ನು ನಿರ್ಣಯಿಸುವುದು ಹೇಗೆ? ಜೀರ್ಣವಾಗದೆ ಉಳಿದ ನಾರು ದೊಡ್ಡ ಕರುಳನ್ನು ಸೇರಿ, ಅಲ್ಲಿಯ ಜೀವಾಣುಗಳಿಂದ ಹುದುಗಿ, ಕರುಳಿನ ಒಳಪದರವನ್ನು ಪೋಷಿಸುವ ಆಮ್ಲಗಳಾಗಿ ಮಾರ್ಪಡುತ್ತದೆ. ಆಹಾರವು ಬದಲಾದರೆ ಕೆಲವೇ ದಿನಗಳಲ್ಲಿ ಈ ಜೀವಾಣುಗಳ ಸಮುದಾಯವೂ ಬದಲಾಗುವುದೆಂದು 2014ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ಆದುದರಿಂದ ಪರದೇಶದಲ್ಲಿ ದೊರೆತ ಫಲವು ಇಲ್ಲಿಯೂ ದೊರೆಯುವುದೆಂಬ ಭರವಸೆಯಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ 2011ರಲ್ಲಿ ಹೊರಡಿಸಿದ ಸೂಚನೆಗಳು ಈ ಕಾರಣದಿಂದಲೇ ಭಾರತೀಯರ ಮೇಲೆ ಪರೀಕ್ಷೆ ನಡೆಯಬೇಕೆಂದು ವಿಧಿಸಿದವು. ಇದು ಯುಕ್ತವೇ. ಆದರೆ ಭಾರತೀಯರ ಊಟ ಒಂದೇ ಬಗೆಯದೆ? ಪಂಜಾಬಿನ ಗೋಧಿರೊಟ್ಟಿಯನ್ನು ಉಂಡವನ ಫಲಿತಾಂಶವನ್ನು ಗುಂಡ್ಲುಪೇಟೆಯ ರೈತನಿಗೆ ಅನ್ವಯಿಸುವುದು ನ್ಯಾಯವೆನಿಸದು.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಮುದ್ದೆ, ಬಸ್ಸಾರು, ಅವರೆ, ಹುರುಳಿ, ಮಜ್ಜಿಗೆಗಳು ಬಹುಕಾಲದ ಊಟ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಇಲ್ಲಿಯ ಹೊಲಗಳಲ್ಲಿ ಬೆಳೆಯುವ ಈರುಳ್ಳಿಯಲ್ಲಿಯೂ ಬಾಳೆಯಲ್ಲಿಯೂ ಪ್ರಿಬಯಾಟಿಕ್ ಗುಣದ ಅಂಶಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೆಡ್ಡೆಗೆಣಸು, ಸೊಪ್ಪುಗಳ ಸಂಪ್ರದಾಯವೇ ಬೇರೆ. ಈಚೆಗೆ ಮುದ್ದೆಯ ಸ್ಥಾನವನ್ನು ಅನ್ನವು ಆಕ್ರಮಿಸುತ್ತಿದೆ. ಒಂದೇ ಜಿಲ್ಲೆಯಲ್ಲಿ ಇಷ್ಟು ಆಹಾರಭೇದಗಳಿರುವುದು ಸಂಶೋಧಕರಿಗೆ ದೊರೆತ ಭಾಗ್ಯವಲ್ಲವೆ?

ಪೂರ್ವಿಕರ ಊಟವೆಲ್ಲವೂ ಔಷಧವೆಂದು ನಾವು ಹೇಳುವುದಿಲ್ಲ. ಮನೆಯ ಮೊಸರಿನ ಜೀವಾಣುಗಳೆಲ್ಲವೂ ಪರೀಕ್ಷಿತವಾದವುಗಳಲ್ಲ. ಮಜ್ಜಿಗೆಹುಳಿಯನ್ನು ಕುದಿಸಿದಾಗ ಅವು ಸಾಯುತ್ತವೆ. ಅಭಿಮಾನವು ಪ್ರಮಾಣದ ಸ್ಥಾನದಲ್ಲಿ ನಿಲ್ಲಲಾರದು. ಆದುದರಿಂದಲೇ ಪರೀಕ್ಷೆಯು ಅವಶ್ಯಕ.

ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು 1950ರಿಂದ ಮೈಸೂರಿನಲ್ಲಿದೆ. ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ವಿದ್ಯಾಲಯವಿದೆ. ಇವೆರಡೂ ಕೂಡಿ, ಋತುಋತುವಿಗೂ ಜನರ ಊಟವನ್ನು ದಾಖಲಿಸಿ, ಅನಂತರ ಪರೀಕ್ಷೆಯನ್ನು ಕೈಕೊಂಡು, ಫಲಿತಾಂಶವನ್ನು ಕನ್ನಡದಲ್ಲಿಯೇ ಪ್ರಕಟಿಸಬೇಕು. ಪಡಿತರದ ಧಾನ್ಯವನ್ನೂ ವಿದ್ಯಾರ್ಥಿನಿಲಯಗಳ ಊಟವನ್ನೂ ನಿರ್ಧರಿಸುವ ಅಧಿಕಾರಿಗಳಿಗೆ ಅಂತಹ ಜ್ಞಾನವು ಮಾರ್ಗದರ್ಶಕವಾಗುವುದು. ರೈತನ ತಟ್ಟೆಯನ್ನು ನೋಡದೆ ಅವನ ಹೊಟ್ಟೆಗೆ ಮದ್ದು ಹೇಳುವ ಪದ್ಧತಿಯು ಇನ್ನಾದರೂ ನಿಲ್ಲಲಿ.