ಸಭೆಯ ಐಕ್ಯವನ್ನು ಅಲ್ಲಗಳೆಯುವವರಿಗೆ

ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಐಕ್ಯದ ಮೇಲೆ ಕೆಲವು ಆಕ್ಷೇಪಗಳು ಮತ್ತೆಮತ್ತೆ ಕೇಳಿಬರುತ್ತವೆ. ಅವುಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

ಒಂದು: "ಇದು ಮಿಷನರಿಗಳು ಮಾಡಿದ ಏರ್ಪಾಡು." ಅಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿ ಐಕ್ಯಕ್ಕೆ ಕರೆ ಕೊಟ್ಟವರಲ್ಲಿ ಬಹುಪಾಲು ಭಾರತೀಯ ಸಭಾಪಾಲಕರು. ಮುಂದಾಳು ವಿ. ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಪಶ್ಚಿಮದ ಹಳೆಯ ಒಡಕುಗಳನ್ನು ನಾವೇಕೆ ಹೊರಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. 28 ವರ್ಷಗಳ ಮಾತುಕತೆಯ ನಂತರ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯವರು ಒಂದಾದರು.

ಎರಡು: "ಸತ್ಯದ ಜೊತೆ ರಾಜಿ ಮಾಡಿಕೊಂಡರು." ಕವಿ ಟಿ. ಎಸ್. ಎಲಿಯಟ್ ಕೂಡ 1943ರಲ್ಲಿ ಕಿರುಹೊತ್ತಗೆ ಬರೆದು ಈ ಯೋಜನೆಯನ್ನು ವಿರೋಧಿಸಿದ್ದರು. ಬಿಷಪರಿಂದ ದೀಕ್ಷೆ ಪಡೆಯದ ಪಾಲಕರನ್ನು ಮರುದೀಕ್ಷೆಯಿಲ್ಲದೆ ಒಪ್ಪಿಕೊಂಡದ್ದು ವಿರೋಧಿಗಳನ್ನು ಕೆರಳಿಸಿತು. ಆದರೆ ಬೈಬಲ್, ವಿಶ್ವಾಸ ಪ್ರಮಾಣ, ದೀಕ್ಷಾಸ್ನಾನ, ಕರ್ತನ ಭೋಜನ, ಬಿಷಪ್ ಪದವಿ, ಇವುಗಳಲ್ಲಿ ಯಾವುದನ್ನು ಕೈಬಿಟ್ಟರು? ಐಕ್ಯದ ನಂತರದ ದೀಕ್ಷೆಗಳೆಲ್ಲ ಬಿಷಪರಿಂದಲೇ ಆಗಬೇಕೆಂದು ನಿಯಮ ಮಾಡಿದರು. ದಶಕಗಳ ಕಾಲ ದುಡಿದ ಪಾಲಕರಿಗೆ "ನೀವು ಪಾಲಕರೇ ಅಲ್ಲ" ಎನ್ನುವ ಹಟವನ್ನಷ್ಟೇ ಬಿಟ್ಟರು.

ಮೂರು: "ಆರಾಧನೆ ಒಂದೇ ಬಗೆಯದಾಗದೆ ಐಕ್ಯ ಎಲ್ಲಿಯದು?" ಒಗ್ಗದ ಪದ್ಧತಿಯನ್ನು ಯಾವ ಸಭೆಯ ಮೇಲೂ ಹೇರುವುದಿಲ್ಲ ಎಂದು ಮಾತು ಕೊಟ್ಟೇ ಇವರು ಒಂದಾದದ್ದು. 1950ರಲ್ಲಿ ರೂಪಿಸಿದ ಕರ್ತನ ಭೋಜನದ ಕ್ರಮದಲ್ಲಿ ಸಮಾಧಾನ ಹಂಚಿಕೊಳ್ಳುವುದನ್ನೇ ನೋಡಿ. ಬಲ ಅಂಗೈಗೆ ಬಲ ಅಂಗೈ ತಾಗಿಸಿ, ಒಬ್ಬರ ಬಲಗೈಯನ್ನು ಮತ್ತೊಬ್ಬರು ಎಡಗೈಯಿಂದ ಮುಚ್ಚಿ ಹಿಡಿಯುತ್ತಾರೆ. ಆ ಸಮಾಧಾನ ಪೀಠದಿಂದ ಹೊರಟು ಸಾಲಿನಿಂದ ಸಾಲಿಗೆ ದಾಟುತ್ತದೆ. ಇದನ್ನು ಕಲಿತದ್ದು ಐಕ್ಯಕ್ಕೆ ಸೇರದೇ ಉಳಿದ ಕೇರಳದ ಸಿರಿಯನ್ ಪರಂಪರೆಯಿಂದ! ಭಿನ್ನತೆಗೆ ಹೆದರುವವರು ಹೀಗೆ ಕಲಿಯುವುದಿಲ್ಲ.

ನಾಲ್ಕು: "ಜಾತಿ, ಭಾಷೆಯ ಗುಂಪುಗಾರಿಕೆ ಹೋಗಿಲ್ಲವಲ್ಲ?" ಇದು ನಿಜ, ನೋವಿನ ನಿಜ. ಕನ್ನಡ, ತಮಿಳು ಸಭೆಗಳ ನಡುವೆ ಆರಾಧನೆಯ ಹೊತ್ತಿಗಾಗಿ ಜಗ್ಗಾಟ, ಡಯಾಸಿಸ್ ಚುನಾವಣೆಯಲ್ಲಿ ಜಾತಿಯ ಲೆಕ್ಕಾಚಾರ ನಾವೆಲ್ಲ ಬಲ್ಲದ್ದೇ. ಆದರೆ ಇದು ಐಕ್ಯದ ತಪ್ಪಲ್ಲ, ಐಕ್ಯವನ್ನು ಕಾಗದದಲ್ಲೇ ಬಿಟ್ಟ ನಮ್ಮ ತಪ್ಪು. ಬೇರೆಬೇರೆಯಾದರೆ ಜಾತಿ ಅಳಿಯುವುದಿಲ್ಲ, ಪ್ರತಿ ಜಾತಿಗೂ ಒಂದೊಂದು ಸಭೆ ಹುಟ್ಟುತ್ತದೆ.

ಆದ್ದರಿಂದ ಸಭೆಯವರಲ್ಲಿ ನನ್ನ ಬೇಡಿಕೆ ಇಷ್ಟೇ: ಜಾತಿ, ಭಾಷೆ ನೋಡಿ ಮತ ಹಾಕಬೇಡಿ. ಪಕ್ಕದ ಭಾಷೆಯ ಆರಾಧನೆಗೂ ಹೋಗಿ ಕುಳಿತುಕೊಳ್ಳಿ. ಹಿರಿಯರು ಕಟ್ಟಿಕೊಟ್ಟ ಐಕ್ಯವನ್ನು ಬಾಳಿ ತೋರಿಸುವ ಹೊಣೆ ನಮ್ಮದು.